ಹಾಡು ಕಲಿಯೋಕೆ ಯಾವ ಕಾಲೇಜು? ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಪಿಯುಸಿ ಫಲಿತಾಂಶ ಬಂದ ವಾರ. ಗಂಗಾವತಿಯ ನಮ್ಮ ಮನೆಗೆ ಕಾರಟಗಿಯಿಂದ ತಾಯಿ, ಮಗ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಗಣಪತಿ ಹಬ್ಬದಲ್ಲಿ ಹಾಡಿ ಗೆದ್ದ ನಾಲ್ಕು ಸರ್ಟಿಫಿಕೇಟು. ಕೂತ ಕೂಡಲೇ ತಾಯಿ ಕೇಳಿದರು: "ಅಕ್ಕಾರ, ಇವನ್ನ ಯಾವ ಕಾಲೇಜಿಗೆ ಹಚ್ಚೂಣ್ರಿ? ಹಾಡೋದು ಬಿಟ್ರ ಬ್ಯಾರೆ ಏನೂ ಬ್ಯಾಡ ಅಂತಾನ."

ಮನೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾ ಇಪ್ಪತ್ತು ವರ್ಷ ಆಯಿತು. ಪ್ರತಿ ಬೇಸಿಗೆಯಲ್ಲೂ ಈ ಪ್ರಶ್ನೆ ಬರುತ್ತದೆ. ಮೊದಲೆಲ್ಲ ಒಂದು ಹೆಸರು ಹೇಳಿ ಕಳಿಸುತ್ತಿದ್ದೆ. ಈಗ ಹೇಳುವುದಿಲ್ಲ. ಕಾಲೇಜಿಗೆ ಹೋಗಿ ಮೂರು ಲೆಕ್ಕ ಕೇಳಿಕೊಂಡು ಬನ್ನಿ ಅನ್ನುತ್ತೇನೆ. ವಾರಕ್ಕೆ ಎಷ್ಟು ತಾಸು ಹಾಡಿಸುತ್ತಾರೆ? ಒಂದು ಕೋಣೆಯಲ್ಲಿ ಎಷ್ಟು ಜನ ಕೂರುತ್ತಾರೆ? ಯಾವ ಶ್ರುತಿಗೆ, ಅಂದರೆ ದನಿಯ ಯಾವ ಎತ್ತರಕ್ಕೆ ಹಾಡಿಸುತ್ತಾರೆ? ಕಟ್ಟಡ, ವೆಬ್‌ಸೈಟ್, ವಾರ್ಷಿಕೋತ್ಸವದ ಫೋಟೋ ಎಲ್ಲ ಆಮೇಲೆ. ಆದರೆ ಈ ಲೆಕ್ಕ ಕೇಳೋಕೆ ಮುಂಚೆ ಮನೆಯಲ್ಲೇ ಮಾಡಿಕೊಳ್ಳಬೇಕಾದ ಕೆಲಸ ಎರಡಿವೆ.

ಮನೆಯಲ್ಲಿ ಮಾಡುವ ಮೊದಲ ಕೆಲಸ: ಹಿಂದೂಸ್ತಾನಿಯೋ ಕರ್ನಾಟಕಿಯೋ?

ಮೈಸೂರಿನಲ್ಲಿ ಹುಟ್ಟಿದವರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಧಾರವಾಡದವರಿಗೂ ಕಾಡುವುದಿಲ್ಲ. ನಮಗೆ ಕಾಡುತ್ತದೆ, ಯಾಕೆಂದರೆ ಎರಡು ಪದ್ಧತಿಗಳ ಗಡಿ ನಮ್ಮ ಮನೆ ಅಂಗಳದಲ್ಲೇ ಹಾದುಹೋಗಿದೆ. ಬಳ್ಳಾರಿ 1953ರ ತನಕ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ 1956ರ ತನಕ ಹೈದರಾಬಾದಿಗೆ ಸೇರಿದ್ದವು. ಪಕ್ಕದ ಗದಗ ಮುಂಬೈ ಕಡೆಗಿತ್ತು. ಹಾಗಾಗಿ ಬಳ್ಳಾರಿಯ ಹಳೇ ಮನೆಗಳಲ್ಲಿ ಕರ್ನಾಟಕಿಯ ತೆಲುಗು ಕೃತಿ, ವರ್ಣ ಕೇಳುತ್ತದೆ. ಕೊಪ್ಪಳ ದಾಟಿದರೆ ಹಿಂದೂಸ್ತಾನಿಯ ತಬಲಾ, ಹಾರ್ಮೋನಿಯಂ. ರಾಯಚೂರಿನದು ಇನ್ನೊಂದು ಬಣ್ಣ. ದೇವರನಾಮ ಬರೆದ ವಿಜಯದಾಸರು, ಜಗನ್ನಾಥದಾಸರು ಅದೇ ಜಿಲ್ಲೆಯ ಮಾನ್ವಿ ಸೀಮೆಯವರು. ಅಲ್ಲಿನ ಮಕ್ಕಳು ಸರಳೆ ವರಸೆಗೂ ಮುಂಚೆ ಭಜನಾ ಮಂಡಳಿಯಲ್ಲಿ ದೇವರನಾಮ ಕಲಿತಿರುತ್ತಾರೆ. ದೇವರನಾಮ ಎರಡೂ ಪದ್ಧತಿಯಲ್ಲಿ ನಡೆಯುತ್ತದೆ. ಅದಕ್ಕೇ ಗೊಂದಲ ಜಾಸ್ತಿ.

ಹುಟ್ಟಿದ ಊರೇ ತೀರ್ಮಾನ ಮಾಡಬೇಕು ಅಂತೇನಿಲ್ಲ. ಪಂಡಿತ ವೆಂಕಟೇಶ್ ಕುಮಾರ್ 1953ರಲ್ಲಿ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದಲ್ಲಿ. ಸೋದರಮಾವ, ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು ಹುಡುಗನನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದುಕೊಂಡು ಹೋಗಿ ಬಿಟ್ಟರು. ಪುಟ್ಟರಾಜ ಗವಾಯಿಗಳ ಹತ್ತಿರ ಹನ್ನೆರಡು ವರ್ಷ ಕಲಿತು ಅವರು ಹಿಂದೂಸ್ತಾನಿ ಗಾಯಕರಾದರು.

ತೀರ್ಮಾನಕ್ಕೆ ನಾನು ಕೊಡುವ ಪರೀಕ್ಷೆ ಸುಲಭದ್ದು. ಹಿಂದೂಸ್ತಾನಿಯ ಭೂಪಾಲಿ ರಾಗದ ವಿಲಂಬಿತ, ಅಂದರೆ ನಿಧಾನದ, ಖ್ಯಾಲ್ ಒಂದನ್ನು ಪೂರ್ತಿ ಕೇಳಿ. ಮರುದಿನ ಕರ್ನಾಟಕಿಯ ಮೋಹನ ರಾಗದ ಕೃತಿ ಒಂದನ್ನು ಪೂರ್ತಿ ಕೇಳಿ. ಎರಡರಲ್ಲೂ ಇರುವುದು ಅದೇ ಐದು ಸ್ವರ. ನಡಿಗೆ ಮಾತ್ರ ಬೇರೆ. ಹೀಗೇ ಮಾಲ್‌ಕೌಂಸ್ ಮತ್ತು ಹಿಂದೋಳ, ಯಮನ್ ಮತ್ತು ಕಲ್ಯಾಣಿ. ಒಂದು ವಾರ ಈ ಜೋಡಿಗಳನ್ನು ಕೇಳಿದ ಮೇಲೆ ಹುಡುಗ ಅಥವಾ ಹುಡುಗಿ ಕೆಲಸ ಮಾಡುತ್ತಾ ಯಾವುದನ್ನು ಗುನುಗುತ್ತಾರೆ ಅಂತ ಸುಮ್ನೆ ಗಮನಿಸಿ. ಬಾಯಿಬಿಟ್ಟು ಕೇಳಬೇಡಿ. ಕೇಳಿದರೆ ಅಪ್ಪನಿಗೆ ಇಷ್ಟವಾಗುವ ಉತ್ತರ ಬರುತ್ತದೆ.

ಭಾಷೆಯನ್ನೂ ನೋಡಿ. ಖ್ಯಾಲಿನ ಬಂದಿಶ್‌ಗಳು, ಅಂದರೆ ಹಾಡುವ ಪದಗಳು, ಬಹುಪಾಲು ಬ್ರಜ್, ಹಿಂದಿಯಲ್ಲಿರುತ್ತವೆ. ಕೃತಿಗಳು ತೆಲುಗು, ಸಂಸ್ಕೃತ, ಕನ್ನಡದಲ್ಲಿ. ಸಿರುಗುಪ್ಪ ಕಡೆ ಮನೆಯಲ್ಲಿ ತೆಲುಗು ಆಡುವ ಮಗುವಿಗೆ ಕೃತಿಯ ಅರ್ಥ ತಾನಾಗೇ ಹತ್ತುತ್ತದೆ. ಅದು ಸಣ್ಣ ಲಾಭವಲ್ಲ.

ಎರಡನ್ನೂ ಒಟ್ಟಿಗೆ ಕಲಿಯಬಹುದಾ ಅಂತ ಕೇಳುತ್ತಾರೆ. ಶುರುವಿನ ಐದು ವರ್ಷ ಬೇಡ ಅಂತಲೇ ನನ್ನ ಅಭಿಪ್ರಾಯ. ಸ್ವರ ಹಿಡಿಯುವ ರೀತಿ, ಸ್ವರ ಅಲುಗಿಸುವ ಗಮಕ, ಜಾರಿಸುವ ಮೀಂಡ್ ಎಲ್ಲ ಕಲಸುಮೇಲೋಗರ ಆಗುತ್ತದೆ.

ಎರಡನೆಯ ಕೆಲಸ: ನಿಮ್ಮ ಶ್ರುತಿ ಯಾವುದು ಅಂತ ತಿಳಿಯಿರಿ

ಇದರಲ್ಲಿ ನಾನೇ ಪೆಟ್ಟು ತಿಂದವಳು. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಹದಿನೆಂಟಕ್ಕೆ ನಾನೊಂದು ಕಾಲೇಜು ಸೇರಿದೆ. ಹೆಸರು ಬೇಡ. ಒಂದೇ ಕೋಣೆಯಲ್ಲಿ ಹುಡುಗರು, ಹುಡುಗಿಯರು ಸೇರಿ ಇಪ್ಪತ್ತಾರು ಜನ. ಎಲ್ಲರಿಗೂ ಒಂದೇ ಶ್ರುತಿ, ಕರಿ ಒಂದು. ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಕರ್ನಾಟಕಿಯವರು ಅದನ್ನೇ ಒಂದೂವರೆ ಮನೆ ಅನ್ನುತ್ತಾರೆ. ಗಂಡಸರಿಗೆ ಅದು ಆರಾಮದ ಜಾಗ. ನನ್ನ ದನಿ ಕರಿ ನಾಲ್ಕರದ್ದು. ಕರಿ ಒಂದಕ್ಕೆ ಷಡ್ಜ, ಅಂದರೆ 'ಸ', ಹಿಡಿದರೆ ಕೆಳಗಿನ ಷಡ್ಜ ಉಸಿರಾಗಿ ಹೋಗುತ್ತಿತ್ತು. ಮೇಲಿನದು ಹಿಡಿದರೆ ತಾರ ಸ್ಥಾಯಿಗೆ ಹೋಗುವಷ್ಟರಲ್ಲಿ ಕತ್ತಿನ ನರ ಉಬ್ಬುತ್ತಿತ್ತು. "ಜೋರಾಗಿ ಹಾಡು, ತಾನಾಗೇ ತೆರೆದುಕೊಳ್ಳುತ್ತದೆ" ಅಂದರು. ನಾಲ್ಕು ತಿಂಗಳಲ್ಲಿ ತೆರೆದುಕೊಂಡಿದ್ದು ಏನೂ ಇಲ್ಲ, ದನಿ ಒಡೆದು ಕುಳಿತಿತು. ಗಂಟಲು ಡಾಕ್ಟರು ಮೂರು ವಾರ ಮಾತೇ ಆಡಬಾರದು ಅಂದರು. ಸ್ಲೇಟು, ಬಳಪ ಇಟ್ಟುಕೊಂಡು ಮನೆಯವರ ಜೊತೆ ಮಾತಾಡಿದ್ದೇನೆ. ಅಲ್ಲಿ ಕಲಿಸುವವರು ಕೆಟ್ಟವರೇನಲ್ಲ. ಅವರಿಗೆ ಇದ್ದಿದ್ದು ಒಂದು ತಂಬೂರಿ, ಒಂದು ತಾಸು, ಇಪ್ಪತ್ತಾರು ಜನ. ನನ್ನ ತಪ್ಪು ಅಂದರೆ, ಸೇರುವ ಮುಂಚೆ ನನ್ನ ಶ್ರುತಿ ಯಾವುದು ಅಂತ ನನಗೇ ಗೊತ್ತಿರಲಿಲ್ಲ.

ಹುಡುಕುವುದು ಹೀಗೆ. ಬೆಳಗ್ಗೆ ಎದ್ದು ಒಂದು ತಾಸು ಕಳೆದ ಮೇಲೆ, ಬಿಸಿನೀರು ಕುಡಿದು, ಮೊಬೈಲಿನ ತಂಬೂರಿ ಆ್ಯಪ್ ಹಾಕಿಕೊಳ್ಳಿ. ಹುಡುಗರು ಕರಿ ಒಂದರಿಂದ, ಹುಡುಗಿಯರು ಕರಿ ನಾಲ್ಕರಿಂದ ಶುರುಮಾಡಿ. ಷಡ್ಜ ನಿಲ್ಲಿಸಿ. ಅಲ್ಲಿಂದ ಕೆಳಗಿಳಿಯಿರಿ. ಮಂದ್ರ ಪಂಚಮ (ಕೆಳಗಿನ 'ಪ') ಬರೀ ಗಾಳಿಯಾಗದೆ ಕಿವಿಗೆ ಕೇಳಬೇಕು. ಆಮೇಲೆ ಮೇಲೇರಿ. ತಾರ ಗಾಂಧಾರ (ಮೇಲಿನ 'ಗ') ಕಿರುಚದೆ, ಗದ್ದ ಮೇಲೆತ್ತದೆ ನಿಲ್ಲಬೇಕು. ಕೆಳಗೆ ಸಿಗದಿದ್ದರೆ ಅರ್ಧ ಮನೆ ಮೇಲೆ ಹೋಗಿ, ಮೇಲೆ ಕಷ್ಟವಾದರೆ ಅರ್ಧ ಮನೆ ಕೆಳಗೆ ಬನ್ನಿ. ಮೂರು ನಾಲ್ಕು ದಿನ ಮಾಡಿ, ಬರೆದಿಟ್ಟುಕೊಳ್ಳಿ. ಒಂದೇ ದಿನದ ಲೆಕ್ಕ ನಂಬಬೇಡಿ. ನೆಗಡಿ ಇದ್ದ ದಿನ ಎಲ್ಲರೂ ಭೀಮಸೇನ ಜೋಶಿಯೇ.

ಹದಿಮೂರರಿಂದ ಹದಿನಾರರ ಹುಡುಗರ ದನಿ ಒಡೆಯುವ ಕಾಲ. ಆಗ ಶ್ರುತಿ ಹುಡುಕುವುದೂ ಬೇಡ, ದೊಡ್ಡ ತೀರ್ಮಾನವೂ ಬೇಡ. ಮೆಲ್ಲಗೆ ಹಾಡಿಕೊಂಡಿರಲಿ, ತಾಳ ಕಲಿಯಲಿ. ಇನ್ನೊಂದು ಮಾತು ಹೆಣ್ಣುಮಕ್ಕಳಿಗೆ. ದನಿ ತಗ್ಗು ಅಂತ ಕೀಳರಿಮೆ ಬೇಡ. ಗಂಗೂಬಾಯಿ ಹಾನಗಲ್ಲರ ದನಿ ಎಷ್ಟು ಗಡಸಾಗಿತ್ತು ಅಂತ ಕೇಳಿದವರಿಗೆಲ್ಲ ಗೊತ್ತು. ಅವರು ಆ ದನಿಗೆ ತಕ್ಕ ಹಾಡುವ ಶೈಲಿ ಕಟ್ಟಿಕೊಂಡರು.

ಮೂರು ಬಾಗಿಲು: ಡಿಗ್ರಿ, ಗುರುಕುಲ, ಪರೀಕ್ಷೆ

ಜನ ಈ ಮೂರನ್ನೂ ಒಂದೇ ಅಂದುಕೊಳ್ಳುತ್ತಾರೆ. ಮೂರರ ಫಲ ಬೇರೆ ಬೇರೆ.

ಡಿಗ್ರಿ ಅಂದರೆ ವಿಶ್ವವಿದ್ಯಾಲಯ ಕೊಡುವ ಪದವಿ. ಬಿ.ಮ್ಯೂಸ್., ಬಿಪಿಎ (ಪ್ರದರ್ಶಕ ಕಲೆಗಳ ಪದವಿ), ಇಲ್ಲವೇ ಸಂಗೀತವನ್ನು ಒಂದು ವಿಷಯವಾಗಿ ತೆಗೆದುಕೊಂಡ ಬಿಎ. ಮುಂದೆ ಸ್ನಾತಕೋತ್ತರ ಮಾಡಿ, ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಪಾಸಾಗಿ, ಕಾಲೇಜಿನಲ್ಲಿ ಪಾಠ ಹೇಳಬೇಕು ಅಂದರೆ ಈ ಬಾಗಿಲೇ ಬೇಕು. ಆದರೆ ಬಿಎಯಲ್ಲಿ ಸಂಗೀತ ಒಂದು ವಿಷಯ ಮಾತ್ರ. ಇತಿಹಾಸ, ಸಮಾಜಶಾಸ್ತ್ರದ ಜೊತೆ ಅದೂ ಒಂದು ಪಿರಿಯಡ್. ಗಾಯಕಿ ಆಗಬೇಕು ಅಂತ ಬಂದ ಹುಡುಗಿಗೆ ಅದು ಸಾಲುವುದಿಲ್ಲ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. "ಸಂಗೀತ ಇದೆ" ಅಂದಾಕ್ಷಣ ಸೇರಿಬಿಡುತ್ತಾರೆ, ವಾರಕ್ಕೆ ಎಷ್ಟು ತಾಸು ಅಂತ ಕೇಳುವುದಿಲ್ಲ.

ಗುರುಕುಲ ಅಂದರೆ ಗುರುವಿನ ಜೊತೆ ಇದ್ದು ಕಲಿಯುವುದು. ಬೆಳಗಿನ ಅಭ್ಯಾಸ, ಅಂದರೆ ರಿಯಾಜ್‌ನಿಂದ ರಾತ್ರಿ ಊಟದ ತನಕ ಕಿವಿಗೆ ಹಾಡೇ ಬೀಳುತ್ತದೆ. ದನಿ ಗಟ್ಟಿಯಾಗುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ನನಗಂತೂ ಗೊತ್ತಿಲ್ಲ. ಕೊನೆಗೆ ಕೈಗೆ ಪದವಿ ಕಾಗದ ಬರುತ್ತದಾ ಅನ್ನುವುದು ಬೇರೆ ಪ್ರಶ್ನೆ. ಗುರುಕುಲದಲ್ಲಿದ್ದೇ ಹೊರಗಿನಿಂದ ಪದವಿ ಮಾಡಿಕೊಳ್ಳಲು ಬಿಡುತ್ತಾರಾ ಅಂತ ಸೇರುವ ಮುಂಚೆಯೇ ಕೇಳಿ.

ಮೂರನೆಯದು ಪರೀಕ್ಷೆ. ನಮ್ಮ ಕಡೆ ಹಿಂದೂಸ್ತಾನಿ ಕಲಿಯುವವರು ಹೆಚ್ಚಾಗಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆ ಕಟ್ಟುತ್ತಾರೆ. ಪ್ರಾರಂಭಿಕ್, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ ಅಂತ ಮೆಟ್ಟಿಲು. ಕರ್ನಾಟಕಿಯವರಿಗೆ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್. ಊರಿನಲ್ಲೇ ಕಲಿತು ಕಟ್ಟಬಹುದು, ಖರ್ಚು ಕಡಿಮೆ, ಕಲಿಕೆಗೆ ಒಂದು ಶಿಸ್ತು ಬರುತ್ತದೆ. ಆದರೆ ಮಂಡಲ ವಿಶ್ವವಿದ್ಯಾಲಯ ಅಲ್ಲ. ವಿಶಾರದವನ್ನು ಪದವಿಗೆ ಸಮ ಅಂತ ಎಲ್ಲ ಕಡೆ ಒಪ್ಪುವುದಿಲ್ಲ. ಮುಂದೆ ಎಂಎ ಮಾಡುವ ಆಸೆ ಇದ್ದರೆ, ಸೇರಬೇಕೆಂದಿರುವ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ಯಾರೋ ಮೇಷ್ಟ್ರು "ನಡೀತದ್ರಿ" ಅಂದರು ಅಂತ ಮೂರು ವರ್ಷ ಕಳೆಯಬೇಡಿ.

ನನ್ನನ್ನು ಕೇಳಿದರೆ, ಹತ್ತನೇ ಕ್ಲಾಸಿನ ತನಕ ಪರೀಕ್ಷೆ, ಪಿಯುಸಿ ಆದ ಮೇಲೆ ಡಿಗ್ರಿ ಇಲ್ಲವೇ ಗುರುಕುಲ. ಮನೆಯಲ್ಲಿ ದುಡಿಮೆಯ ಅವಸರ ಇದ್ದರೆ ಡಿಗ್ರಿ. ಎಂಟು ಹತ್ತು ವರ್ಷ ಕಾಯುವ ತಾಳ್ಮೆ ಇದ್ದರೆ ಗುರುಕುಲ.

ಎಲ್ಲೆಲ್ಲಿ ಹುಡುಕಬೇಕು

ನಮ್ಮ ಪುಣ್ಯಕ್ಕೆ ಹತ್ತಿರದಲ್ಲೇ ಇದೆ. ಕೊಪ್ಪಳದಿಂದ ರೈಲು ಹತ್ತಿದರೆ ಗದಗ ಒಂದೂವರೆ ತಾಸಿನ ದಾರಿ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಅಲ್ಲಿದೆ. ಅಂಧ ಮಕ್ಕಳಿಗೆ, ಬಡವರ ಮಕ್ಕಳಿಗೆ ಅನ್ನ, ಆಸರೆ ಕೊಟ್ಟು ಸಂಗೀತ ಕಲಿಸಿದ ಜಾಗ. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಅಲ್ಲಿಂದ ಮುಂದೆ ಹುಬ್ಬಳ್ಳಿಯ ಉಣಕಲ್ ಬಳಿ ಗಂಗೂಬಾಯಿ ಹಾನಗಲ್ ಗುರುಕುಲ ಇದೆ. ಅಲ್ಲೇ ಇದ್ದು ಗುರು-ಶಿಷ್ಯ ಪದ್ಧತಿಯಲ್ಲಿ ಹಿಂದೂಸ್ತಾನಿ ಕಲಿಯಬಹುದು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯ ಇದೆ. ವೆಂಕಟೇಶ್ ಕುಮಾರ್ ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲಿ ಪಾಠ ಹೇಳಿದರು. ಹಿಂದೂಸ್ತಾನಿಯಲ್ಲಿ ಡಿಗ್ರಿ ಬೇಕು ಅನ್ನುವವರಿಗೆ ನಾನು ಮೊದಲು ನೋಡಿಕೊಂಡು ಬನ್ನಿ ಅನ್ನುವುದು ಧಾರವಾಡವನ್ನೇ. ಸಿಂಧನೂರಿನ ತನಕ ರೈಲು ಬಂದಮೇಲೆ ನಮ್ಮ ಕಡೆಯವರಿಗೆ ಈ ಓಡಾಟ ಸ್ವಲ್ಪ ಹಗುರಾಗಿದೆ. ರಾಯಚೂರಿನವರಿಗೆ ಮಾತ್ರ ಇನ್ನೂ ತೊಂದರೆ. ಅವರ ರೈಲು ದಾರಿ ಬೇರೆ, ಗುಂತಕಲ್ ಸುತ್ತಿ ಬರಬೇಕು. ಬಸ್ಸೇ ವಾಸಿ.

ಕರ್ನಾಟಕಿ ಕಲಿಯುವವರು ಮೈಸೂರು, ಬೆಂಗಳೂರಿನ ಕಡೆ ನೋಡಬೇಕು. ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೇ ಮೀಸಲಾದ ರಾಜ್ಯದ ವಿಶ್ವವಿದ್ಯಾಲಯ ಇದೆ, ಅದಕ್ಕೂ ಗಂಗೂಬಾಯಿಯವರದೇ ಹೆಸರು. ಕೊಪ್ಪಳ, ಹೊಸಪೇಟೆ, ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಮೈಸೂರು. ಇನ್ನೂ ದೂರ ಹೋಗುವ ಧೈರ್ಯ ಇದ್ದರೆ ಚೆನ್ನೈನಲ್ಲಿ 1936ರಲ್ಲಿ ರುಕ್ಮಿಣಿದೇವಿ ಅರುಂಡೇಲ್ ಕಟ್ಟಿದ ಕಲಾಕ್ಷೇತ್ರ ಇದೆ. ಹಿಂದೂಸ್ತಾನಿಯವರಿಗೆ ಲಖನೌದಲ್ಲಿ 1926ರಲ್ಲಿ ಭಾತಖಂಡೆಯವರು ಶುರುಮಾಡಿದ ಕಾಲೇಜು ಈಗ ವಿಶ್ವವಿದ್ಯಾಲಯ ಆಗಿದೆ. ಛತ್ತೀಸಗಢದ ಖೈರಾಗಢದಲ್ಲಿ 1956ರ ಇಂದಿರಾ ಕಲಾ ಸಂಗೀತ ವಿಶ್ವವಿದ್ಯಾಲಯ. ಕೋಲ್ಕತ್ತಾದ ಐಟಿಸಿ ಸಂಗೀತ್ ರಿಸರ್ಚ್ ಅಕಾಡೆಮಿ ಆಗಲೇ ತಯಾರಾದ ದನಿಗಳಿಗೆ. ಈಗಷ್ಟೇ ಅಲಂಕಾರದ ಸ್ವರಪಾಠ ಮುಗಿಸಿದವರು ಅಲ್ಲಿಗೆ ಅರ್ಜಿ ಹಾಕಿ ಬೇಸರ ಮಾಡಿಕೊಳ್ಳಬೇಡಿ.

ದೂರದ ಹೆಸರು ನೋಡಿ ಮರುಳಾಗುವ ಮುಂಚೆ ಭೀಮಸೇನ ಜೋಶಿಯವರನ್ನು ನೆನೆಯಿರಿ. ಗದುಗಿನ ಹುಡುಗ ಹನ್ನೊಂದು ವರ್ಷಕ್ಕೇ ಮನೆ ಬಿಟ್ಟು ಗುರುವನ್ನು ಹುಡುಕುತ್ತಾ ಗ್ವಾಲಿಯರ್, ಜಲಂಧರ್ ತನಕ ಅಲೆದ. ಜಲಂಧರದಲ್ಲಿ ವಿನಾಯಕರಾವ್ ಪಟವರ್ಧನರು ಹೇಳಿದ್ದು, ಸವಾಯಿ ಗಂಧರ್ವರು ನಿಮ್ಮ ಊರ ಹತ್ತಿರವೇ ಇದ್ದಾರಲ್ಲ ಅಂತ. ಸವಾಯಿ ಗಂಧರ್ವರ ಕುಂದಗೋಳ ಹುಬ್ಬಳ್ಳಿಯ ಮಗ್ಗುಲಲ್ಲೇ ಇದೆ. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಕಲಿತಿದ್ದೂ ಅಲ್ಲೇ.

ಹೋಗಿ ನೋಡುವ ದಿನ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ವಾರ್ಷಿಕೋತ್ಸವದ ದಿನ ಹೋಗಬೇಡಿ, ಸಾಮಾನ್ಯ ಮಂಗಳವಾರ ಬುಧವಾರ ಹೋಗಿ. ಫೋನ್ ಮಾಡಿ ಒಪ್ಪಿಗೆ ತೆಗೆದುಕೊಂಡು ಹೋಗಿ, ಆದರೆ ಬೆಳಗ್ಗೆ ಹತ್ತು ನಿಮಿಷ ಮುಂಚೆಯೇ ಇರಿ.

ಮೊದಲು ತಂಬೂರಿ ನೋಡಿ. ಮಿರಜಿನ ಒಳ್ಳೆಯ ತಂಬೂರಿ ಬಹಳ ಕಡೆ ಇರುತ್ತದೆ, ಗವಸು ಹಾಕಿ ಮೂಲೆಗೆ ಒರಗಿಸಿರುತ್ತಾರೆ. ಗವಸಿನ ಮೇಲೆ ದೂಳು ಎಷ್ಟಿದೆ? ತಂತಿಗೆ ತುಕ್ಕು ಹಿಡಿದಿದೆಯಾ? ಕ್ಲಾಸ್ ಶುರುವಾಗುವಾಗ ಮೇಷ್ಟ್ರು ತಂಬೂರಿ ಮಡಿಲಿಗೆ ಎಳೆದುಕೊಂಡು, ಮೊದಲ ತಂತಿಯನ್ನು ಪಂಚಮಕ್ಕೆ, ನಡುವಿನ ಎರಡನ್ನು ಷಡ್ಜಕ್ಕೆ, ಕೊನೆಯದನ್ನು ಕೆಳಗಿನ ಷಡ್ಜಕ್ಕೆ ಕೂಡಿಸುತ್ತಾರೆ. ಆಮೇಲೆ ಕುದುರೆಯ (ತಂತಿಗಳು ಒರಗುವ ಪಟ್ಟಿಯ) ಮೇಲೆ ತಂತಿಯ ಕೆಳಗಿರುವ ಹತ್ತಿಯ ಎಳೆಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಅಲ್ಲಿಯ ತನಕ ಸಪ್ಪೆಯಾಗಿದ್ದ ನಾದ ತಟ್ಟನೆ ಜೇನುಹುಳ ಗುಂಯ್‌ಗುಡುವ ಹಾಗೆ ತೆರೆದುಕೊಳ್ಳುತ್ತದೆ. ಅದು ಜವಾರಿ. ಈ ಐದು ನಿಮಿಷಕ್ಕೆ ವೇಳೆ ಇರುವ ಕಾಲೇಜಿನಲ್ಲಿ ಮಕ್ಕಳ ಕಿವಿ ಬೆಳೆಯುತ್ತದೆ. ಮನೆಯಲ್ಲಿ ಆ್ಯಪ್ ಇಟ್ಟುಕೊಳ್ಳುವುದು ಸರಿ, ನಾನೂ ಇಟ್ಟುಕೊಂಡಿದ್ದೇನೆ. ಇಡೀ ಕಾಲೇಜಿನಲ್ಲಿ ಒಂದೂ ಕೂಡಿಸಿದ ತಂಬೂರಿ ಇಲ್ಲ ಅಂದರೆ ನಾನು ಎರಡು ಸಲ ಯೋಚಿಸುತ್ತೇನೆ.

ಆಮೇಲೆ ಲೆಕ್ಕ. ತರಗತಿಯಲ್ಲಿ ಇಪ್ಪತ್ತು ಜನ, ಅವಧಿ ಒಂದು ತಾಸು ಅಂದರೆ ಒಬ್ಬರಿಗೆ ಮೂರು ನಿಮಿಷ. ಹಾಜರಿ, ಶ್ರುತಿ ಕೂಡಿಸುವುದು, ನೋಟ್ಸ್ ಬರೆಸುವುದು ಕಳೆದರೆ ಎರಡು ನಿಮಿಷವೂ ಉಳಿಯುವುದಿಲ್ಲ. ಒಬ್ಬೊಬ್ಬರನ್ನೇ ಹಾಡಿಸಿ ತಿದ್ದುತ್ತಾರಾ, ಇಲ್ಲ ಎಲ್ಲರೂ ಒಟ್ಟಿಗೆ ಹಾಡಿ ಎದ್ದು ಹೋಗುತ್ತಾರಾ ನೋಡಿ. ಗುಂಪಿನಲ್ಲಿ ಹಾಡುವಾಗ ಬೇಸೂರು ಆಗಿದ್ದು ಹಾಡಿದವರಿಗೂ ಗೊತ್ತಾಗುವುದಿಲ್ಲ. ಆರೇಳು ಜನರ ಗುಂಪು ಮಾಡಿ, ಗಂಡು ದನಿಗೆ ಬೇರೆ ಶ್ರುತಿ, ಹೆಣ್ಣು ದನಿಗೆ ಬೇರೆ ಶ್ರುತಿ ಇಟ್ಟು ಕಲಿಸುತ್ತಿದ್ದರೆ, ಕಟ್ಟಡ ಸೋರುತ್ತಿದ್ದರೂ ಸೇರಿಸಿ ಅಂತೀನಿ.

ವೇಳಾಪಟ್ಟಿ ಕೇಳಿ. ಅದರಲ್ಲಿ ಹಾಡುವ ತಾಸು ಎಷ್ಟು, ಶಾಸ್ತ್ರಪಾಠ ಎಷ್ಟು, ಬೇರೆ ವಿಷಯ ಎಷ್ಟು ಎಣಿಸಿ. ತಬಲಾ ಅಥವಾ ಮೃದಂಗ ನುಡಿಸುವವರು ಕಾಯಮ್ಮಾಗಿ ಇದ್ದಾರಾ ಅಂತಲೂ ಕೇಳಿ. ಠೇಕಾ, ಅಂದರೆ ತಾಳದ ನುಡಿಸಾಣಿಕೆ, ಇಲ್ಲದೆ ಮೂರು ವರ್ಷ ಹಾಡಿ, ವೇದಿಕೆಗೆ ಬಂದು ಸಮ್ (ತಾಳದ ಸುತ್ತಿನ ಮೊದಲ ಪೆಟ್ಟು) ಹಿಡಿಯಲಾಗದೆ ಒದ್ದಾಡಿದವರನ್ನು ಕಂಡಿದ್ದೇನೆ.

ಕಲಿಸುವವರು ಕಾಯಂ ಇದ್ದಾರಾ, ಅತಿಥಿ ಉಪನ್ಯಾಸಕರಾ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಅತಿಥಿ ಉಪನ್ಯಾಸಕರಲ್ಲಿ ಬಹಳ ಒಳ್ಳೆಯ ಗಾಯಕರಿದ್ದಾರೆ. ಆದರೆ ಅವರ ನೇಮಕ ತಡವಾದರೆ ಮಕ್ಕಳ ಪಾಠವೂ ತಡವಾಗುತ್ತದೆ. ಹೋದ ವರ್ಷ ಪಾಠ ಯಾವ ತಿಂಗಳು ಶುರುವಾಯಿತು ಅಂತ ಆಫೀಸಿನಲ್ಲಿ ಕೇಳಬೇಡಿ, ಹುಡುಗರನ್ನು ಕೇಳಿ. ಕ್ಯಾಂಟೀನಿನಲ್ಲಿ ಕೂತು ಎರಡನೇ ವರ್ಷದ ಒಬ್ಬರಿಗೆ ಚಹಾ ಕೊಡಿಸಿ. "ಈ ವರ್ಷ ಎಷ್ಟು ರಾಗ ಆಯಿತು? ಒಂದು ಹಾಡಿ ತೋರಿಸ್ತೀಯಾ?" ಅನ್ನಿ. ಹದಿನೈದು ರಾಗದ ಹೆಸರು ಹೇಳಿ ಒಂದನ್ನೂ ಹತ್ತು ನಿಮಿಷ ಹಾಡಲಾಗದವನಿಗಿಂತ, ನಾಲ್ಕೇ ರಾಗ ಆಗಿದ್ದು ಯಮನ್‌ನಲ್ಲಿ ನೆಮ್ಮದಿಯಾಗಿ ಅರ್ಧ ತಾಸು ಕೂರುವವನು ಒಳ್ಳೆ ಕಡೆ ಕಲಿಯುತ್ತಿದ್ದಾನೆ.

ಕೊನೆಗೆ, ನಿಮ್ಮ ಮಗುವನ್ನು ಕಲಿಸುವವರ ಮುಂದೆ ಹದಿನೈದು ನಿಮಿಷ ಕೂರಿಸಲು ಕೇಳಿಕೊಳ್ಳಿ. ಹೊಗಳಿದರಾ ಅನ್ನುವುದು ಬೇಡ, ಏನನ್ನು ತಿದ್ದಿದರು ಅಂತ ನೋಡಿ. "ಚಲೋ ಐತಿ, ಫೀ ಕಟ್ಟಿ" ಅಂದರೆ ಏನೂ ಗೊತ್ತಾಗಲಿಲ್ಲ. "ನಿಷಾದ ಸ್ವಲ್ಪ ಇಳೀತು, ಇನ್ನೊಮ್ಮೆ ಹೇಳು" ಅಂದು, ಎರಡನೇ ಸಲಕ್ಕೆ ಅದು ನಿಜವಾಗಿ ಸರಿಹೋದರೆ, ಆ ಮನುಷ್ಯರ ಹೆಸರು ಬರೆದಿಟ್ಟುಕೊಳ್ಳಿ. ಅವರ ನಿವೃತ್ತಿಗೆ ಇನ್ನೂ ಎಷ್ಟು ವರ್ಷ ಇದೆ ಅಂತಲೂ ಮೆಲ್ಲಗೆ ವಿಚಾರಿಸಿ.

ಪ್ರವೇಶಕ್ಕೆ ಏನು ಹಾಡಬೇಕು

ಹಿಂದೂಸ್ತಾನಿಗೆ ಒಂದೇ ರಾಗ ಸಾಕು. ಭೂಪ್ (ಭೂಪಾಲಿ), ಯಮನ್, ದುರ್ಗಾ, ಭೀಮಪಲಾಸಿ, ಯಾವುದು ಕೈವಶ ಇದೆಯೋ ಅದು. ಸ್ವಲ್ಪ ಆಲಾಪ, ಒಂದು ಮಧ್ಯಲಯದ ಬಂದಿಶ್, ನಾಲ್ಕು ಸರಳ ತಾನ್. ಕರ್ನಾಟಕಿಗೆ ಒಂದು ವರ್ಣ ಎರಡು ಕಾಲದಲ್ಲಿ, ಒಂದು ಸಣ್ಣ ಕೃತಿ. ಕೈಯಲ್ಲಿ ತಾಳ ಹಾಕುತ್ತಾ ಹಾಡುವ ರೂಢಿ ಮಾಡಿ. ತೀನ್‌ತಾಲ್‌ಗೆ ಹದಿನಾರು ಮಾತ್ರೆ, ಝಪ್‌ತಾಲ್‌ಗೆ ಹತ್ತು, ಏಕ್‌ತಾಲ್‌ಗೆ ಹನ್ನೆರಡು ಅಂತ ಬಾಯಿಪಾಠ ಇದ್ದರೆ ಸಾಲದು, ಠೇಕಾ ಕೇಳಿ ಸಮ್ ಎಲ್ಲಿದೆ ಅಂತ ತೋರಿಸಲು ಬರಬೇಕು. ಮೇಷ್ಟ್ರು ಹಾರ್ಮೋನಿಯಂನಲ್ಲಿ ಮೂರು ಸ್ವರ ಒತ್ತಿ ಯಾವುದು ಹೇಳು ಅನ್ನಬಹುದು.

ಕೊನೆಯಲ್ಲಿ ಒಂದು ವಚನವೋ ದಾಸರ ಪದವೋ ಇರಲಿ. ಆದರೆ ಯೂಟ್ಯೂಬಿನಲ್ಲಿ ದೊಡ್ಡವರು ಹಾಡಿದ ತಾನುಗಳನ್ನು ಹಾಗೆಯೇ ನಕಲು ಮಾಡಿ ತರಬೇಡಿ. ಎರಡನೇ ಸಾಲಿಗೇ ಗೊತ್ತಾಗುತ್ತದೆ. ಟಿವಿ ಸ್ಪರ್ಧೆಯ ಹಾಡಂತೂ ಬೇಡವೇ ಬೇಡ.

ಕಾಗದ, ದುಡ್ಡು, ಹಾಸ್ಟೆಲ್

ನಮ್ಮ ಮೂರೂ ಜಿಲ್ಲೆ ಕಲ್ಯಾಣ ಕರ್ನಾಟಕಕ್ಕೆ ಸೇರಿವೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಸೀಟಿನಲ್ಲಿ ಮೀಸಲಾತಿ ಇದೆ. ನಮ್ಮ ಭಾಗದ ಒಳಗೆ ಮಾತ್ರ ಅಂದುಕೊಳ್ಳಬೇಡಿ, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲೂ ಶೇ 8ರಷ್ಟಿದೆ. ಉಪವಿಭಾಗದ ಅಸಿಸ್ಟೆಂಟ್ ಕಮಿಷನರ್ ಕಚೇರಿಯಿಂದ ಬರುವ ಆ ಅರ್ಹತಾ ಪತ್ರವನ್ನು ಫಲಿತಾಂಶಕ್ಕೂ ಮುಂಚೆಯೇ ಮಾಡಿಸಿಡಿ. ಸಂಗೀತಕ್ಕೆ ಸೇರುವವರಿಗೆ ಇದು ಬೇಕಾಗುತ್ತದೆ ಅಂತ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಮೀಸಲಾತಿ ವರ್ಗದವರು ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಕೇಂದ್ರ ಸಂಸ್ಕೃತಿ ಸಚಿವಾಲಯದ್ದು 18ರಿಂದ 25ರ ವಯಸ್ಸಿನ ಯುವ ಕಲಾವಿದರಿಗೆ ಒಂದು ವಿದ್ಯಾರ್ಥಿವೇತನ ಇದೆ. ಸಣ್ಣ ಮಕ್ಕಳಿಗೆ, 10ರಿಂದ 14ರ ಒಳಗಿನವರಿಗೆ, ಕೇಂದ್ರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರದ್ದು (ಸಿಸಿಆರ್‌ಟಿ) ಇದೆ. ಖಾಸಗಿ ಕಡೆ ಸೇರುವುದಾದರೆ ಪದವಿ ಕೊಡುವ ವಿಶ್ವವಿದ್ಯಾಲಯದ ಹೆಸರು ಯುಜಿಸಿ ಪಟ್ಟಿಯಲ್ಲಿದೆಯಾ ನೋಡಿ. ಐದು ನಿಮಿಷದ ಕೆಲಸ.

ಹಾಸ್ಟೆಲ್ ಬಗ್ಗೆ ಊಟ, ನೀರು, ಬಾಡಿಗೆ ಎಲ್ಲರೂ ಕೇಳುತ್ತಾರೆ. ನೀವು ಇನ್ನೊಂದು ಕೇಳಬೇಕು: ಬೆಳಗ್ಗೆ ಐದಕ್ಕೆ ಎದ್ದು ಹಾಡಬಹುದಾ? ಸಾಮಾನ್ಯ ಹಾಸ್ಟೆಲಿನಲ್ಲಿ ಖರ್ಜ, ಅಂದರೆ ತಗ್ಗಿನ ಸ್ವರಗಳ ಅಭ್ಯಾಸ, ಶುರುಮಾಡಿದರೆ ಪಕ್ಕದ ಕೋಣೆಯವರು ಚಪ್ಪಲಿ ಎಸೆಯುತ್ತಾರೆ. ನಮ್ಮ ಹುಡುಗಿಯೊಬ್ಬಳು ಒಂದು ವರ್ಷ ನೀರಿನ ಟ್ಯಾಂಕಿನ ಪಕ್ಕ ತಾರಸಿಯಲ್ಲಿ ನಿಂತು ರಿಯಾಜ್ ಮಾಡಿದಳು. ಚಳಿಗಾಲದಲ್ಲಿ ಅದೂ ಆಗಲಿಲ್ಲ. ಕಾಲೇಜಿನ ಕೋಣೆಯನ್ನು ಬೆಳಗ್ಗೆ ತೆರೆದುಕೊಡುತ್ತಾರಾ, ಕೀಲಿ ಯಾರ ಹತ್ತಿರ ಇರುತ್ತದೆ ಅಂತ ಕೇಳಿಕೊಳ್ಳಿ.

ಸೇರಿದ ಮೇಲೆ ಮೂರು ತಿಂಗಳು

ಫೀ ಕಟ್ಟಿದ್ದೇವೆ ಅಂತ ಕಣ್ಣು ಮುಚ್ಚಿಕೊಳ್ಳಬೇಡಿ. ಹದಿನೈದು ದಿನಕ್ಕೊಮ್ಮೆ ಫೋನಿನಲ್ಲಿ ಹಾಡಿಸಿ ಕೇಳಿ. ಹಾಡಿದ ಮೇಲೆ ಗಂಟಲು ನೋಯುತ್ತದೆ, ಮಾತಿನ ದನಿಯೂ ಬದಲಾಗಿದೆ ಅಂದರೆ ಶ್ರುತಿ ತಪ್ಪಿದೆ ಅಥವಾ ಒತ್ತಿ ಹಾಡುತ್ತಿದ್ದಾರೆ ಅಂತ ಅರ್ಥ. ದನಿ ಕುಳಿತು ಮೂರು ವಾರವಾದರೂ ಸರಿಹೋಗದಿದ್ದರೆ ಜ್ಯೇಷ್ಠಮಧು ಅಗಿಯುತ್ತಾ ಕೂರದೆ ಗಂಟಲು ಡಾಕ್ಟರಿಗೆ ತೋರಿಸಿ. ಗುರುಗಳ ಹತ್ತಿರ ಮಾತಾಡಿ ಶ್ರುತಿ ಬದಲಿಸಿಕೊಳ್ಳಲಿ. ಬದಲಿಸಲು ಒಪ್ಪದ ಕಡೆ ಮುಂದುವರಿಸುವುದಕ್ಕಿಂತ ಒಂದು ವರ್ಷ ಹೋದರೆ ಹೋಗಲಿ. ನಾನು ಕಳೆದುಕೊಂಡಿದ್ದೂ ಅಷ್ಟೇ.

ಕಾರಟಗಿಯ ಹುಡುಗನ ಕಥೆ ಹೇಳಲಿಲ್ಲ ಅಲ್ವಾ. ಅವತ್ತು ಅವನನ್ನು ಕೂರಿಸಿ ಹಾಡಿಸಿ, ಕರಿ ಒಂದು ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ತಾಯಿ, ಮಗ ಎರಡು ಕಡೆ ಹೋಗಿ ನೋಡಿ ಬಂದರು. ಒಂದು ಕಡೆ ಕೋಣೆಗೆ ಇಪ್ಪತ್ತೆರಡು ಜನ, ಇನ್ನೊಂದು ಕಡೆ ಏಳು ಜನ. ತಾಯಿ ಅದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದರು. ಏಳು ಜನರ ಕಡೆಗೇ ಸೇರಿಸಿದರು. ಹಾಸಿಗೆ ಸುರುಳಿ ಒಳಗೆ ಶ್ರುತಿಪೆಟ್ಟಿಗೆ ಸುತ್ತಿಕೊಂಡು ಹೋದ.

ಎರಡು ತಿಂಗಳಿಗೆ ಫೋನ್ ಬಂತು. "ಅಕ್ಕಾರ, ನೀವು ಕರಿ ಒಂದು ಅಂದಿದ್ರಿ. ಇಲ್ಲಿ ಗುರುಗಳು ನಂದು ಕರಿ ಎರಡು ಅಂತಾರ್ರಿ."

ಹಾಡು ನೋಡೋಣ ಅಂದೆ. ಹಾಡಿದ. ಅವರು ಹೇಳಿದ್ದೇ ಸರಿ ಇತ್ತು.